ತಂತಿಗಾಗಿ ಕಾದ ಬೆನೆಗಲ್ ರಾಯರು

2022ರ ಫೆಬ್ರುವರಿ ಕೊನೆಯ ವಾರ ಠಾಣೆಯ ಮಾಜಿವಾಡಾದ ನಮ್ಮ ಕಟ್ಟಡದಲ್ಲಿ ಲಿಫ್ಟಿನೊಳಗೂ ಗೇಟಿನ ಬಳಿಯೂ ರಷ್ಯಾ ದಾಳಿ ಮಾಡಿದ್ದ ಉಕ್ರೇನಿನದೇ ಮಾತು. ಪಕ್ಕದ ಮನೆಯ ಕಾಲೇಜು ಹುಡುಗ ನನ್ನನ್ನು ಹಿಡಿದು ನಿಲ್ಲಿಸಿದ. “ಅಂಕಲ್, ಭದ್ರತಾ ಮಂಡಳಿಯಲ್ಲಿ ನಮ್ಮವರು ಆ ಕಡೆಗೂ ಇಲ್ಲ, ಈ ಕಡೆಗೂ ಇಲ್ಲವಂತೆ. ಇದನ್ನೆಲ್ಲ ತೀರ್ಮಾನ ಮಾಡೋದು ಯಾರು? ಪ್ರಧಾನಿ ಒಬ್ಬರೇನಾ?”

ಒಳ್ಳೆಯ ಪ್ರಶ್ನೆ. ಅದಕ್ಕೆ ಉತ್ತರ ಹೇಳಲು ನಾನು ಮಂಗಳೂರಿನಲ್ಲಿ ಹುಟ್ಟಿದ ಒಬ್ಬರ ಕಥೆ ಹೇಳಬೇಕಾಯಿತು. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನೆಗಲ್ ನರಸಿಂಗ ರಾವ್ 1950ರಲ್ಲಿ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿ. ಆ ಜೂನ್ ತಿಂಗಳು ಭದ್ರತಾ ಮಂಡಳಿಯ ಅಧ್ಯಕ್ಷತೆ ಸರದಿಯಂತೆ ಅವರ ಪಾಲಿಗೆ ಬಂದಿತ್ತು.

ಜೂನ್ 25ರಂದು ಉತ್ತರ ಕೊರಿಯಾದ ಸೇನೆ ದಕ್ಷಿಣಕ್ಕೆ ನುಗ್ಗಿತು. ಅಂದೇ ಸೇರಿದ ಮಂಡಳಿ, ಸೇನೆ ಹಿಂದಕ್ಕೆ ಹೋಗಬೇಕೆಂದು ನಿರ್ಣಯ ಮಾಡಿತು. ರಾಯರು ಪರವಾಗಿ ಮತ ಹಾಕಿದರು. ಗಡಿ ದಾಟಿ ದಾಳಿ ಮಾಡುವುದು ತಪ್ಪು ಎನ್ನುವಷ್ಟಕ್ಕೆ ದೆಹಲಿಯನ್ನು ಕೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಕಷ್ಟ ಶುರುವಾದದ್ದು 27ರಂದು. ದಕ್ಷಿಣ ಕೊರಿಯಾಕ್ಕೆ ಸದಸ್ಯ ದೇಶಗಳೆಲ್ಲ ನೆರವು ಕೊಡಲಿ ಎಂಬ ಎರಡನೆಯ ನಿರ್ಣಯವನ್ನು ಅಮೆರಿಕ ಮುಂದಿಟ್ಟಿತು. ನೆರವು ಎಂದರೆ ಸೈನ್ಯ, ಸೈನ್ಯ ಎಂದರೆ ಯುದ್ಧ. ಅಷ್ಟು ದೊಡ್ಡ ಮಾತಿಗೆ ಪ್ರತಿನಿಧಿ ತಾನೇ ಹೂಂಗುಟ್ಟುವ ಹಾಗಿಲ್ಲ, ರಾಜಧಾನಿಯಿಂದ ಸೂಚನೆ ಬರಬೇಕು.

ಭಾರತ ಮತ್ತು ಈಜಿಪ್ಟ್ ಎರಡಕ್ಕೂ ಸೂಚನೆ ಬಂದಿರಲಿಲ್ಲ. ಅದಕ್ಕಾಗಿ ಅಂದು ಸಂಜೆ ಸಭೆಯನ್ನೇ ಗಂಟೆಗಟ್ಟಲೆ ನಿಲ್ಲಿಸಿದರು. ಗಡಿಯಾರದ ಲೆಕ್ಕ ನೋಡಿ: ನ್ಯೂಯಾರ್ಕಿನಲ್ಲಿ ಸಂಜೆ ಐದಾದರೆ ದೆಹಲಿಯಲ್ಲಿ ಬೆಳಗಿನ ಜಾವ ಎರಡೂವರೆ. ಇಲ್ಲಿ ಅಧ್ಯಕ್ಷ ಪೀಠದ ಮನುಷ್ಯ ತಂತಿಗಾಗಿ ಕಾಯುತ್ತಿದ್ದಾರೆ, ಅಲ್ಲಿ ದೆಹಲಿ ಮಲಗಿದೆ. ರಾತ್ರಿ ಸಭೆ ಮತ್ತೆ ಸೇರಿದಾಗಲೂ ತಂತಿ ಬಂದಿರಲಿಲ್ಲ. ನಿರ್ಣಯಕ್ಕೆ ಏಳು ಮತ ಬಿದ್ದವು, ಯುಗೊಸ್ಲಾವಿಯಾ ಒಂದು ವಿರೋಧ. ತಡೆಯೊಡ್ಡಬಹುದಾಗಿದ್ದ ಸೋವಿಯತ್ ಒಕ್ಕೂಟ, ಚೀನಾದ ಸ್ಥಾನ ಯಾರಿಗೆ ಎಂಬ ಜಗಳದಲ್ಲಿ ಜನವರಿಯಿಂದಲೇ ಸಭೆಗೆ ಬರುತ್ತಿರಲಿಲ್ಲ. ರಾಯರು ಮತದಾನದಲ್ಲಿ ಭಾಗವಹಿಸಲೇ ಇಲ್ಲ. ದೆಹಲಿ ತನ್ನ ಒಪ್ಪಿಗೆಯನ್ನು ಪ್ರಕಟಿಸಿದ್ದು ಜೂನ್ 29ರಂದು.

ಈ ಎರಡು ದಿನಗಳಲ್ಲಿ ವಿದೇಶಾಂಗ ನೀತಿಯ ಯಂತ್ರವೆಲ್ಲ ಕಾಣುತ್ತದೆ. ಆಗ ಪ್ರಧಾನಿಯೂ ವಿದೇಶಾಂಗ ಸಚಿವರೂ ನೆಹರೂ ಅವರೇ. ಇಬ್ಬರ ಕುರ್ಚಿಯಲ್ಲೂ ಒಬ್ಬರೇ ಕೂತಿದ್ದರೂ ನಿರ್ಧಾರ ಕ್ಷಣದಲ್ಲಿ ಆಗಲಿಲ್ಲ. ಕೊರಿಯಾದ ಜೊತೆಗೇ ತೈವಾನ್ ಜಲಸಂಧಿಗೂ ನೌಕಾಪಡೆ ಕಳಿಸುತ್ತೇನೆ ಎಂದು ಟ್ರೂಮನ್ ಅದೇ 27ರಂದು ಹೇಳಿದ್ದರು. ಕೊರಿಯಾಕ್ಕೆ ಹೂಂ ಎಂದರೆ ತೈವಾನಿಗೂ ಹೂಂ ಎಂದಂತಾಗುತ್ತದೆಯೇ? ಹೊಸ ಚೀನಾದೊಂದಿಗಿನ ಸಂಬಂಧ ಏನಾದೀತು? ಇವನ್ನೆಲ್ಲ ಬಿಡಿಸಿ ನೋಡದೆ ತಂತಿ ಕಳಿಸುವ ಹಾಗಿರಲಿಲ್ಲ. ಕೊನೆಗೆ ದಾಳಿ ತಪ್ಪು ಎಂದು ಒಪ್ಪಿಕೊಂಡ ಭಾರತ ಕಾದಾಡುವ ಸೈನಿಕರನ್ನು ಕಳಿಸಲಿಲ್ಲ. ಗಾಯಾಳುಗಳ ಆರೈಕೆಗೆ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬುಲೆನ್ಸ್ ದಳವನ್ನು ಕಳಿಸಿತು. ಎರಡು ದಾರಿಗಳ ನಡುವೆ ಹುಡುಕಿದ ಮೂರನೆಯ ದಾರಿ ಅದು, ನನಗೆ ಇಂದಿಗೂ ಹೆಮ್ಮೆಯದು.

ಈಗ ತಂತಿಯ ಬದಲು ಗುಪ್ತಲಿಪಿಯ ಸಂದೇಶ, ಸುರಕ್ಷಿತ ಫೋನು. ಹಾದಿ ಮಾತ್ರ ಹೆಚ್ಚು ಬದಲಾಗಿಲ್ಲ. ಆಯಾ ದೇಶದ ರಾಯಭಾರಿ ತಾನು ಕಂಡದ್ದನ್ನು ಬರೆದು ಕಳಿಸುತ್ತಾರೆ. ಸಚಿವಾಲಯದಲ್ಲಿ ಆ ಪ್ರದೇಶ ನೋಡಿಕೊಳ್ಳುವ ಜಂಟಿ ಕಾರ್ಯದರ್ಶಿಯ ಮೇಜಿನಲ್ಲಿ ಅದು ಟಿಪ್ಪಣಿಯಾಗುತ್ತದೆ, ಅಲ್ಲಿಂದ ವಿದೇಶಾಂಗ ಕಾರ್ಯದರ್ಶಿ, ಸಚಿವರು. ಭಾರಿ ವಿಷಯವಾದರೆ ಪ್ರಧಾನಿ ಅಧ್ಯಕ್ಷತೆಯ ಭದ್ರತಾ ವ್ಯವಹಾರಗಳ ಸಂಪುಟ ಸಮಿತಿ. ಅಲ್ಲಿ ರಕ್ಷಣೆ, ಗೃಹ, ಹಣಕಾಸು, ವಿದೇಶಾಂಗ ಸಚಿವರು ಇರುತ್ತಾರೆ. ರಾಷ್ಟ್ರೀಯ ಭದ್ರತಾ ಸಲಹೆಗಾರರ ಹುದ್ದೆ 1998ರಲ್ಲಿ ಸೇರಿದ್ದು. 

ಮೇಜಿಗೆ ಬಂದ ಕಾಗದವನ್ನು ನಂಬುವುದು ಬಿಡುವುದು ಬೇರೆ ಮಾತು. 1950ರ ಅಕ್ಟೋಬರ್ 3ರ ನಡುರಾತ್ರಿ ಚೀನಾದ ಪ್ರಧಾನಿ ಚೌ ಎನ್‌ಲಾಯ್, ಭಾರತದ ರಾಯಭಾರಿ ಕೆ.ಎಂ. ಪಣಿಕ್ಕರ್ ಅವರನ್ನು ಕರೆಸಿಕೊಂಡರು. ಅಮೆರಿಕದ ಪಡೆ ಎರಡು ಕೊರಿಯಾಗಳ ನಡುವಿನ 38ನೇ ಅಕ್ಷಾಂಶ ದಾಟಿ ಉತ್ತರಕ್ಕೆ ಬಂದರೆ ಚೀನಾ ಸುಮ್ಮನಿರದು ಎಂಬುದು ಸಂದೇಶ. ಅದು ವಾಷಿಂಗ್ಟನ್ ತಲುಪಿತು. ಆದರೆ ಪಣಿಕ್ಕರ್ ಕಮ್ಯುನಿಸ್ಟರ ಕಡೆಯವರೆಂದು ಅಲ್ಲಿ ಮೊದಲೇ ಗುಮಾನಿಯಿತ್ತು, ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಆ ತಿಂಗಳೇ ಚೀನಾದ ಸೈನಿಕರು ಗಡಿಯ ನದಿ ದಾಟಿ ಕೊರಿಯಾಕ್ಕೆ ಬಂದರು. ಸುದ್ದಿ ತಂದವನ ಮೇಲಿನ ಅಪನಂಬಿಕೆಯಿಂದ ನಿಜವಾದ ಸುದ್ದಿ ಕಸದ ಬುಟ್ಟಿ ಸೇರಿತು. ಇಡೀ ಪ್ರಕರಣದಲ್ಲಿ ನನ್ನನ್ನು ಹೆಚ್ಚು ಕಾಡುವುದು ಇದೇ.

ಇನ್ನು ನಿಲುವಿಗೆ ತೆರಬೇಕಾದ ಬೆಲೆ. ಆ ವರ್ಷ ದೇಶದಲ್ಲಿ ಕಾಳಿಗೆ ಬರ. ಡಿಸೆಂಬರಿನಲ್ಲಿ ಭಾರತ ಅಮೆರಿಕದ ಮುಂದೆ 20 ಲಕ್ಷ ಟನ್ ಧಾನ್ಯಕ್ಕೆ ಕೈಯೊಡ್ಡಿತು. ಹಾಗಿದ್ದೂ 1951ರ ಫೆಬ್ರುವರಿ 1ರಂದು ಚೀನಾವನ್ನು ಆಕ್ರಮಣಕಾರಿ ಎನ್ನುವ ನಿರ್ಣಯ ಸಾಮಾನ್ಯ ಸಭೆಗೆ ಬಂದಾಗ ಭಾರತ ವಿರುದ್ಧ ಮತ ಹಾಕಿತು. ಮಾತುಕತೆಯ ಬಾಗಿಲು ಮುಚ್ಚಬಾರದು ಎಂಬುದು ವಾದ. ಅಮೆರಿಕದ ಸಂಸತ್ತಿನಲ್ಲಿ ಇದನ್ನೇ ಎತ್ತಿ ಆಡಿದರು, ಧಾನ್ಯದ ಮಸೂದೆಗೆ ಸಹಿ ಬೀಳುವಾಗ ಜೂನ್ ಆಗಿತ್ತು. ಅದೂ ದಾನವಲ್ಲ, 19 ಕೋಟಿ ಡಾಲರ್ ಸಾಲ.

ಆದರೆ ಎರಡೂ ಕಡೆಯೊಡನೆ ಮಾತು ಉಳಿಸಿಕೊಂಡದ್ದು ವ್ಯರ್ಥವಾಗಲಿಲ್ಲ. ಯುದ್ಧ ನಿಂತಾಗ, ಊರಿಗೆ ಮರಳಲು ಒಲ್ಲೆವೆಂದ ಸುಮಾರು 22 ಸಾವಿರ ಸೆರೆಯಾಳುಗಳನ್ನು ನೋಡಿಕೊಳ್ಳುವ ಐದು ದೇಶಗಳ ಆಯೋಗಕ್ಕೆ ಕೊಡಗಿನ ಸೇನಾಧಿಕಾರಿ ಕೆ.ಎಸ್. ತಿಮ್ಮಯ್ಯ ಅಧ್ಯಕ್ಷರಾದರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ, ಪೋಲೆಂಡ್, ಚೆಕೊಸ್ಲೊವಾಕಿಯಾ ಇನ್ನೊಂದು ಕಡೆ. ಎಷ್ಟೋ ಸಲ ತಿಮ್ಮಯ್ಯನವರ ಮತವೇ ನಿರ್ಣಾಯಕ. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ, ಭಾರತದ ಸೈನಿಕರು ತಮ್ಮ ನೆಲ ಮೆಟ್ಟಕೂಡದು ಎಂದು ಹಟ ಹಿಡಿದಿದ್ದರಿಂದ ಅವರನ್ನು ಹೆಲಿಕಾಪ್ಟರಿನಲ್ಲಿ ಸಾಗಿಸಬೇಕಾಯಿತು.

ಹುಡುಗನಿಗೆ ನಾನು ಕೊನೆಗೆ ಹೇಳಿದ್ದು ಒಂದೇ: “ಮತ ಹಾಕಲಿಲ್ಲ ಎಂಬ ಸುದ್ದಿ ಓದಿ ಬಿಡಬೇಡಪ್ಪ. ಪ್ರತಿನಿಧಿ ಕೊಡುವ ವಿವರಣೆ ಇರುತ್ತದೆ, ಅದನ್ನು ಓದು.” ಫೆಬ್ರುವರಿ 25ರ ಮತದಾನದಲ್ಲಿ ನಮ್ಮ ಪ್ರತಿನಿಧಿ ಟಿ.ಎಸ್. ತಿರುಮೂರ್ತಿಯವರು ಓದಿದ ಹೇಳಿಕೆಯನ್ನು ಅವನು ಮೊಬೈಲಿನಲ್ಲಿ ತೆಗೆದ. ಹಿಂಸೆ ನಿಲ್ಲಲಿ, ದೇಶಗಳ ಸಾರ್ವಭೌಮತೆಗೆ ಗೌರವವಿರಲಿ, ಮಾತುಕತೆಯ ದಾರಿ ಬಿಟ್ಟದ್ದು ವಿಷಾದಕರ ಎಂಬುದರ ಜೊತೆಗೆ, ಉಕ್ರೇನಿನಲ್ಲಿರುವ ಭಾರತೀಯ ವಿದ್ಯಾರ್ಥಿಗಳ ಬಗ್ಗೆ ಕಳವಳವೂ ಅದರಲ್ಲಿತ್ತು.

ನಮ್ಮ ಗಡಿಯಾರದಲ್ಲಿ ಆ ಮತದಾನದ ಹೊತ್ತು 26ರ ಬೆಳಗಿನ ಜಾವ. ಅದೇ ಸಂಜೆ ಬುಕಾರೆಸ್ಟಿನಿಂದ, ಉಕ್ರೇನ್ ಬಿಟ್ಟು ಬಂದ 219 ಮಂದಿಯನ್ನು ಹೊತ್ತ ಮೊದಲ ವಿಮಾನ ಮುಂಬಯಿಯಲ್ಲಿ ಇಳಿಯಿತು. ಖಾರ್ಕಿವ್‌ನಲ್ಲಿ ನಮ್ಮ ಸಾವಿರಾರು ವಿದ್ಯಾರ್ಥಿಗಳು ಇನ್ನೂ ನೆಲಮಾಳಿಗೆಗಳಲ್ಲಿದ್ದರು.