ಎಂಜಿನಿನ ಬಲವು ಎಲ್ಲಿದೆ?



ಮುಂಬಯಿಯಲ್ಲಿ ಬೆಳೆಯುವ ನಿಮಗೆ ಮೋಟಾರು ವಾಹನಗಳ ಪರಿಚಯವನ್ನು ಹೊಸದಾಗಿ ಮಾಡಿಕೊಡಬೇಕಾಗಿಲ್ಲ. ಕುರ್ಲಾದ ಗ್ಯಾರೇಜುಗಳ ಮುಂದೆ ಬಿಚ್ಚಿಟ್ಟ ಎಂಜಿನುಗಳನ್ನು ನಿಮ್ಮಲ್ಲಿ ಅನೇಕರು ಕಂಡಿರಬಹುದು. ಆದರೆ ಎಂಜಿನಿಗೆ ಬಲ ಬರುವುದು ಯಾವುದರಿಂದ? ಗಾತ್ರ ದೊಡ್ಡದಾದರೆ ಸಾಕೆ? ಇದರ ಉತ್ತರದ ಅರ್ಧ ಭಾಗವು ನಿಮ್ಮ ಗಣಿತದ ಪುಸ್ತಕದಲ್ಲಿಯೇ ಇದೆ.

ಎಂಜಿನಿನ ಮುಖ್ಯ ಅಂಗವು ಸಿಲಿಂಡರ್ ಎಂಬ ಕೊಳವೆ. ಅದರೊಳಗೆ ಪಿಸ್ಟನ್ ಮೇಲೆ ಕೆಳಗೆ ಆಡುತ್ತದೆ. ಮೊದಲು ಇಳಿಯುವಾಗ ಅದು ಗಾಳಿ ಮತ್ತು ಪೆಟ್ರೋಲಿನ ಮಿಶ್ರಣವನ್ನು ಒಳಗೆಳೆಯುತ್ತದೆ. ಏರುವಾಗ ಅದನ್ನು ಅದುಮುತ್ತದೆ. ಕಿಡಿ ತಾಗಿ ಮಿಶ್ರಣವು ಉರಿದಾಗ, ಉಬ್ಬಿದ ಅನಿಲವು ಪಿಸ್ಟನ್ನನ್ನು ಕೆಳಕ್ಕೆ ನೂಕುತ್ತದೆ. ಮತ್ತೆ ಏರುವಾಗ ಹೊಗೆ ಹೊರಬೀಳುತ್ತದೆ. ಈ ಏರಿಳಿತವನ್ನು ಕ್ರ್ಯಾಂಕ್ ದಂಡವು ತಿರುಗುವ ಚಲನೆಯಾಗಿ ಮಾರ್ಪಡಿಸುತ್ತದೆ.

ಈಗ ಲೆಕ್ಕಕ್ಕೆ ಬರೋಣ. ಮುಂಬಯಿಯಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು 1930ರ ದಶಕದಲ್ಲಿ ಯೋಜನೆ ಹಾಕಿ ಶ್ರಮಿಸಿದವರಲ್ಲಿ ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರೂ ಒಬ್ಬರು. ಸೊಲ್ಲಾಪುರದಲ್ಲಿ ಹುಟ್ಟಿದ ವಾಲಚಂದ ಹೀರಾಚಂದರು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಸಂಸ್ಥೆಯನ್ನು ಸ್ಥಾಪಿಸಿದರು. ಅದರ ಕುರ್ಲಾ ಕಾರ್ಖಾನೆಯಲ್ಲಿ ತಯಾರಾದ ಪದ್ಮಿನಿ ಕಾರಿನ ಎಂಜಿನಿಗೆ 4 ಸಿಲಿಂಡರುಗಳು. ಒಂದೊಂದರ ವ್ಯಾಸ 68 ಮಿಲಿಮೀಟರ್, ಪಿಸ್ಟನ್ ಚಲಿಸುವ ದೂರ 75 ಮಿಲಿಮೀಟರ್. ನೀವು ಕಲಿತ ಸೂತ್ರದಂತೆ 3.1416 × 3.4 × 3.4 × 7.5 × 4, ಅಂದರೆ ಸುಮಾರು 1089 ಘನ ಸೆಂಟಿಮೀಟರ್. ಇದೇ ಆ ಎಂಜಿನಿನ ಗಾತ್ರ.

ಅಮೆರಿಕದಲ್ಲಿ ಪಿಕಪ್ ಎಂಬ ತೆರೆದ ಸಾಮಾನು ಗಾಡಿಗಳಿಗೆ 'ಬಿಗ್ ಬ್ಲಾಕ್' ಎಂಬ ಭಾರೀ ಎಂಜಿನುಗಳನ್ನು ಕೂಡಿಸುವುದುಂಟು. 1970ರಲ್ಲಿ ಹೊರಬಂದ ಷೆವ್ರೊಲೆ 454 ಅಂಥದೊಂದು. ಅದಕ್ಕೆ 8 ಸಿಲಿಂಡರುಗಳು, ವ್ಯಾಸ 4.25 ಅಂಗುಲ, ಪಿಸ್ಟನ್ನಿನ ಚಲನೆ 4 ಅಂಗುಲ. ಗುಣಿಸಿ ನೋಡಿರಿ: 454 ಘನ ಅಂಗುಲ ಬರುತ್ತದೆ. ಹೆಸರಿನ ಗುಟ್ಟು ಇಷ್ಟೇ. ಇದು ಪದ್ಮಿನಿಯ ಗಾತ್ರಕ್ಕೆ ಸುಮಾರು ಏಳು ಪಾಲು.

ಇಂಥ ಎಂಜಿನಿನ ಬಲವನ್ನು ಇನ್ನೂ ಹೆಚ್ಚಿಸಬಯಸುವವರು ಸಿಲಿಂಡರನ್ನು ಕೊರೆದು ಅಗಲಿಸುತ್ತಾರೆ. ವ್ಯಾಸವನ್ನು 0.03 ಅಂಗುಲ ಹೆಚ್ಚಿಸಿದರೆ 454 ಇದ್ದುದು 460 ಆಗುತ್ತದೆ. ಲಾಭವು ನೂರಕ್ಕೆ ಒಂದೂವರೆಯಷ್ಟೂ ಇಲ್ಲ! ನಿಜವಾದ ಬಲವು ಎಂಜಿನಿನ ಉಸಿರಾಟದಲ್ಲಿದೆ. ನಿಮಿಷಕ್ಕೆ 4000 ಸುತ್ತು ತಿರುಗುವ ಈ ಎಂಜಿನು ಪೂರ್ಣವಾಗಿ ಉಸಿರೆಳೆದರೆ, ಅದಕ್ಕೆ ನಿಮಿಷವೊಂದಕ್ಕೆ 14,000 ಲೀಟರಿಗೂ ಮಿಕ್ಕಿ ಗಾಳಿ ಬೇಕು. ಗಾಳಿ ಬರುವ ದಾರಿಯಾಗಲಿ ಹೊಗೆ ಹೋಗುವ ದಾರಿಯಾಗಲಿ ಇಕ್ಕಟ್ಟಾಗಿದ್ದರೆ ಎಷ್ಟು ದೊಡ್ಡ ಎಂಜಿನಾದರೂ ಏದುಸಿರು ಬಿಡುತ್ತದೆ.

ಗಾಳಿಯ ಬಾಗಿಲುಗಳಾದ ವಾಲ್ವುಗಳನ್ನು ತೆರೆಯುವುದು ಕ್ಯಾಮ್ ದಂಡ. ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ದಂಡವನ್ನು ಹಾಕಿದರೆ ಎಂಜಿನು ಅತಿವೇಗದಲ್ಲಿ ಬಲ ತೋರಿಸಿ, ನಿಧಾನದಲ್ಲಿ ಸೊರಗುತ್ತದೆ. ಪಂದ್ಯದ ಕಾರಿಗೆ ಅದು ಸರಿ. ಸಾಮಾನು ಹೊರುವ ಪಿಕಪ್ಪಿಗೆ ನಿಧಾನದಲ್ಲಿಯೇ ಎಳೆಯುವ ಶಕ್ತಿ ಬೇಕು. ಜೂಜಿನ ಕುದುರೆಯ ಕೆಲಸವೇ ಬೇರೆ, ನೇಗಿಲಿನ ಎತ್ತಿನ ಕೆಲಸವೇ ಬೇರೆ ಅಲ್ಲವೆ?

ಮಿಶ್ರಣವನ್ನು ಹೆಚ್ಚು ಅದುಮಿದಷ್ಟೂ ಬಲ ಹೆಚ್ಚುವುದು ನಿಜ. ಆದರೆ ಮಿತಿ ಮೀರಿದರೆ ಪೆಟ್ರೋಲು ಹೊತ್ತಿಗೆ ಮೊದಲೇ ತಾನಾಗಿ ಸಿಡಿದು ಪಿಸ್ಟನ್ನನ್ನೇ ಒಡೆಯಬಲ್ಲದು. ಕ್ರ್ಯಾಂಕ್ ದಂಡಕ್ಕೂ ಅದರ ಬೇರಿಂಗಿಗೂ ನಡುವಿನ ಸಂದು ಹೆಚ್ಚು ಕಡಮೆ ಒಂದು ತಲೆಗೂದಲಿನ ದಪ್ಪದಷ್ಟು. ಅದನ್ನು ತುಂಬುವ ಎಣ್ಣೆಯ ಪೊರೆಯೇ ದಂಡವನ್ನು ಕಾಯುತ್ತದೆ. ಆದುದರಿಂದ ಒಳ್ಳೆಯ ಮೆಕ್ಯಾನಿಕನು ಸುತ್ತಿಗೆಗಿಂತ ಮೊದಲು ಮೈಕ್ರೊಮೀಟರನ್ನು ಕೈಗೆತ್ತಿಕೊಳ್ಳುತ್ತಾನೆ. ಅವನ ಮಸಿ ಹಿಡಿದ ಕೈಗಳನ್ನು ಕಂಡು ಅವನ ವಿದ್ಯೆಯನ್ನು ಹಗುರವಾಗಿ ಎಣಿಸಬಾರದು.

ಎಂಜಿನಿನ ಬಲ ಹೆಚ್ಚಿತೆಂದು ಬ್ರೇಕಿನ ಬಲ ಹೆಚ್ಚುವುದಿಲ್ಲ. ವೇಗವು ಇಮ್ಮಡಿಯಾದರೆ, ಬ್ರೇಕು ಹಿಡಿದ ಮೇಲೆ ಗಾಡಿ ನಿಲ್ಲಲು ಬೇಕಾಗುವ ದೂರವು ಸುಮಾರು ನಾಲ್ಮಡಿಯಾಗುತ್ತದೆ. ನೋಂದಣಿಯಲ್ಲಿರುವ ವಿವರಗಳಿಗೆ ಹೊಂದದಂತೆ ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು 1988ರ ಮೋಟಾರು ವಾಹನ ಕಾಯ್ದೆಯ 52ನೆಯ ಕಲಮು ನಿಷೇಧಿಸಿದೆ. ನಿಮ್ಮ ಅಣ್ಣಂದಿರಲ್ಲಿ ಯಾರಾದರೂ ತಮ್ಮ ಮೋಟಾರು ಸೈಕಲ್ಲಿನ ವೇಗ ಹೆಚ್ಚಿಸುವ ಮಾತನ್ನಾಡಿದರೆ ಈ ಎರಡು ಸಂಗತಿಗಳನ್ನು ಅವರಿಗೆ ತಪ್ಪದೆ ತಿಳಿಸಿರಿ.

ಒಂದು ಅಂಗವನ್ನು ಮಾತ್ರ ಬಲಪಡಿಸಿದರೆ ಯಂತ್ರವು ಬಲಗೊಳ್ಳದು. ಎಲ್ಲ ಅಂಗಗಳೂ ಒಂದಕ್ಕೊಂದು ಹೊಂದಿ, ಮಾಡಬೇಕಾದ ಕೆಲಸಕ್ಕೂ ಹೊಂದಿರಬೇಕು. ಬರಿಯ 1089 ಘನ ಸೆಂಟಿಮೀಟರಿನ ಪದ್ಮಿನಿಯು ಈ ಮಹಾನಗರದ ಟ್ಯಾಕ್ಸಿಯಾಗಿ 2023ರ ಅಕ್ಟೋಬರದವರೆಗೂ ದುಡಿಯಿತೆಂಬುದೇ ಈ ಮಾತಿಗೆ ಸಾಕ್ಷಿ.