ಗೋದಾಮಿನ ಲೆಕ್ಕ ವಿಶ್ವವಿದ್ಯಾಲಯಕ್ಕೆ ಬಂದ ಬಗೆ

ಲಾಜಿಸ್ಟಿಕ್ಸ್ ಮತ್ತು ಪೂರೈಕೆ ಸರಪಳಿ ನಿರ್ವಹಣೆ ಇಂದು ಎಂಬಿಎ ಆಯ್ಕೆಗಳಲ್ಲೊಂದು. ಸೈನ್ಯವನ್ನು ಸಾಗಿಸುವ ಕಲೆಯಾಗಿ ಲಾಜಿಸ್ಟಿಕ್ಸನ್ನು ಸ್ವಿಸ್ ಸೇನಾನಿ ಜೋಮಿನಿ 1838ರಷ್ಟು ಹಿಂದೆಯೇ ವಿವರಿಸಿದ್ದ. ವ್ಯಾಪಾರದ ಕಡೆಯಿಂದ ಮೊದಲ ಮುಖ್ಯ ಸೂತ್ರ ಬಂದದ್ದು 1913ರಲ್ಲಿ. ಒಂದೇ ಸಲಕ್ಕೆ ಹೆಚ್ಚು ತಯಾರಿಸಿದರೆ ದಾಸ್ತಾನಿನ ಖರ್ಚು ಏರುತ್ತದೆ. ಸ್ವಲ್ಪ ಸ್ವಲ್ಪವೇ ತಯಾರಿಸಿದರೆ ಪ್ರತಿ ಸಲವೂ ಯಂತ್ರ ಅಣಿಗೊಳಿಸುವ ಖರ್ಚು ಬೀಳುತ್ತದೆ. ಇವೆರಡರ ನಡುವಿನ ಸರಿಯಾದ ಪ್ರಮಾಣವನ್ನು ಲೆಕ್ಕ ಹಾಕಿ ತೋರಿಸಿದ ಅಮೆರಿಕದ ಫೋರ್ಡ್ ಹ್ಯಾರಿಸ್ ಕಾಲೇಜು ಮೆಟ್ಟಿಲು ಹತ್ತಿದವನಲ್ಲ. ಅವನ ಸೂತ್ರವಿಲ್ಲದ ಪಠ್ಯಪುಸ್ತಕ ಮಾತ್ರ ಈಗ ಸಿಗುವುದು ಕಷ್ಟ.

ಎರಡನೇ ಮಹಾಯುದ್ಧ ಗಣಿತಜ್ಞರನ್ನು ಸಾಗಣೆಯ ಕೆಲಸಕ್ಕೆ ಎಳೆದು ತಂದಿತು. ಅಮೆರಿಕದ ವಾಯುಪಡೆಗಾಗಿ ದುಡಿಯುತ್ತಿದ್ದ ಜಾರ್ಜ್ ಡಾಂಟ್ಜಿಗ್ 1947ರಲ್ಲಿ ರೂಪಿಸಿದ ಸಿಂಪ್ಲೆಕ್ಸ್ ವಿಧಾನ ಯಾವ ಗೋದಾಮಿನಿಂದ ಯಾವ ಊರಿಗೆ ಎಷ್ಟು ಸರಕು ಕಳಿಸಿದರೆ ಅಗ್ಗ ಎಂಬ ಪ್ರಶ್ನೆಗೆ ಉತ್ತರ ಕೊಡುತ್ತದೆ.

ಆದರೂ ಇದು ಪ್ರತ್ಯೇಕ ವಿಷಯವಾಗಿ ನಿಂತದ್ದು ಸೂತ್ರಗಳಿಂದಲ್ಲ, ಖರ್ಚನ್ನು ನೋಡುವ ಬಗೆ ಬದಲಾದದ್ದರಿಂದ. 1956ರಲ್ಲಿ ಹಾರ್ವರ್ಡ್‌ನ ಲೂಯಿಸ್, ಕಲಿಟನ್, ಸ್ಟೀಲ್ ಎಂಬ ಮೂವರು ವಿಮಾನ ಸಾಗಣೆಯನ್ನು ಅಧ್ಯಯನ ಮಾಡಿದರು. ವಿಮಾನದ ಬಾಡಿಗೆ ದುಬಾರಿ, ನಿಜ. ಆದರೆ ಸರಕು ಬೇಗ ತಲುಪುವುದರಿಂದ ಊರೂರಲ್ಲಿ ಗೋದಾಮು ಬೇಡ, ದಾಸ್ತಾನಿನಲ್ಲಿ ಹಣ ಕೊಳೆಯುವುದಿಲ್ಲ. ಎಲ್ಲ ಕೂಡಿಸಿದರೆ ಕೆಲವೊಮ್ಮೆ ವಿಮಾನವೇ ಅಗ್ಗ. ಸಾಗಣೆ ವಿಭಾಗ ಬಾಡಿಗೆ ಉಳಿಸಿದೆನೆಂದು ಹಿಗ್ಗುವಾಗ ಗೋದಾಮಿನ ವಿಭಾಗ ಅದರ ದಂಡ ತೆರುತ್ತಿರಬಹುದು ಎಂಬುದನ್ನು ಈ ಒಟ್ಟು ವೆಚ್ಚದ ದೃಷ್ಟಿ ಕಾಣಿಸಿಕೊಟ್ಟಿತು. 1961ರಲ್ಲಿ ಮಿಶಿಗನ್ ಸ್ಟೇಟ್ ವಿಶ್ವವಿದ್ಯಾಲಯದ ಸ್ಮೈಕೇ, ಬೌವರ್‌ಸಾಕ್ಸ್ ಮತ್ತು ಮಾಸ್‌ಮನ್ ಆಗ ಭೌತಿಕ ವಿತರಣೆ ಎನ್ನುತ್ತಿದ್ದ ಈ ವಿಷಯದ ಬಗ್ಗೆ ಪಠ್ಯಪುಸ್ತಕವನ್ನೇ ಬರೆದರು.

ಎಂಐಟಿಯಲ್ಲಿ ಜೇ ಫಾರೆಸ್ಟರ್ ತಂಡ ಹುಟ್ಟುಹಾಕಿದ ಬಿಯರ್ ಆಟದಷ್ಟು ಚೆನ್ನಾಗಿ ಈ ವಿಷಯವನ್ನು ಕಲಿಸುವ ಪಾಠ ಇನ್ನೊಂದಿಲ್ಲ. ಆಡುವವರು ನಾಲ್ವರು: ಚಿಲ್ಲರೆ ವ್ಯಾಪಾರಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಮಾತಾಡುವಂತಿಲ್ಲ, ಆರ್ಡರ್ ಚೀಟಿಯಷ್ಟೇ ಕೈ ದಾಟಬೇಕು. ಸರಕು ಬರುವುದು ವಾರಗಳ ನಂತರ. ಗ್ರಾಹಕರ ಬೇಡಿಕೆ ಮೊದಲಿಗೆ ವಾರಕ್ಕೆ 4 ಪೆಟ್ಟಿಗೆ, ಐದನೇ ವಾರ 8ಕ್ಕೇರಿ ಅಲ್ಲಿಯೇ ನಿಲ್ಲುತ್ತದೆ. ಇಷ್ಟೇ ಬದಲಾವಣೆ. ಆದರೆ ಸರಕು ಬರಲಿಲ್ಲವೆಂದು ಗಾಬರಿಯಾದ ಒಬ್ಬೊಬ್ಬರೂ ಮತ್ತಷ್ಟು ಆರ್ಡರ್ ಬರೆಯುತ್ತಾರೆ. ಕಾರ್ಖಾನೆಗೆ ತಲುಪುವಾಗ 8 ಎಂಬುದು ಹಲವು ಪಟ್ಟು ಬೆಳೆದಿರುತ್ತದೆ. ಕೊನೆಗೆ ಎಲ್ಲವೂ ಒಟ್ಟಿಗೆ ಬಂದು ಗೋದಾಮು ತುಂಬಿ ಆರ್ಡರ್ ಸೊನ್ನೆಗಿಳಿಯುತ್ತದೆ. ಆಟ ಮುಗಿದಾಗ ಪ್ರತಿಯೊಬ್ಬರೂ ಗ್ರಾಹಕರನ್ನು ದೂರುತ್ತಾರೆ. ತಪ್ಪು ಗ್ರಾಹಕರದ್ದಲ್ಲ, ವಿಳಂಬದ್ದು ಮತ್ತು ಮುಚ್ಚಿಟ್ಟ ಮಾಹಿತಿಯದ್ದು. 1997ರಲ್ಲಿ ಸ್ಟ್ಯಾನ್‌ಫರ್ಡ್‌ನ ಹೌ ಲೀ ಮತ್ತು ಸಂಗಡಿಗರು ಇದೇ ಏರಿಳಿತವನ್ನು ನಿಜವಾದ ಉದ್ಯಮಗಳಲ್ಲಿ ವಿಶ್ಲೇಷಿಸಿದರು. ಪ್ರಾಕ್ಟರ್ ಅಂಡ್ ಗ್ಯಾಂಬಲ್‌ನ ಮಕ್ಕಳ ಡೈಪರ್ ಅದರ ಪ್ರಸಿದ್ಧ ಉದಾಹರಣೆ.

ಅಷ್ಟರಲ್ಲಿ ಪೂರೈಕೆ ಸರಪಳಿ ನಿರ್ವಹಣೆ ಎಂಬ ಹೆಸರೂ ಬಳಕೆಗೆ ಬಂದಿತ್ತು. 1982ರಲ್ಲಿ ಸಲಹೆಗಾರ ಕೀತ್ ಆಲಿವರ್ ಪತ್ರಿಕಾ ಸಂದರ್ಶನವೊಂದರಲ್ಲಿ ಅದನ್ನು ಬಳಸಿದ್ದ.

ಭಾರತದಲ್ಲಿ 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ, ತೆರಿಗೆ ಉಳಿಸಲೆಂದು ರಾಜ್ಯಕ್ಕೊಂದು ಗೋದಾಮು ಇಟ್ಟುಕೊಳ್ಳುವ ಕಾರಣ ಇಲ್ಲವಾಯಿತು. ಗೋದಾಮುಗಳ ಜಾಲವನ್ನು ಹೊಸದಾಗಿ ಹೆಣೆಯಬಲ್ಲವರು ಬೇಕಾದರು. 2022ರಲ್ಲಿ ವಡೋದರದ ರೈಲು ಮತ್ತು ಸಾರಿಗೆ ಸಂಸ್ಥೆ ಗತಿಶಕ್ತಿ ಎಂಬ ಕೇಂದ್ರೀಯ ವಿಶ್ವವಿದ್ಯಾಲಯವಾಯಿತು. ಅದೇ ವರ್ಷ ರಾಷ್ಟ್ರೀಯ ಲಾಜಿಸ್ಟಿಕ್ಸ್ ನೀತಿಯೂ ಬಂತು.

ಪಠ್ಯದ ಉದಾಹರಣೆಗಳು ಮಾತ್ರ ಇನ್ನೂ ಬಹುಪಾಲು ಅಮೆರಿಕದವು. ನಮ್ಮಲ್ಲೇ ಉದಾಹರಣೆ ಇದೆ. ಕೋಲಾರದ ಎಪಿಎಂಸಿಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಕೆಲವೇ ತಿಂಗಳಲ್ಲಿ ಬೆಲೆ ನೆಲಕಚ್ಚಿತು. ಬೆಲೆ ನೋಡಿ ನೆಟ್ಟ ಸಸಿ ಫಸಲು ಕೊಡಲು ಎರಡು ತಿಂಗಳಿಗೂ ಹೆಚ್ಚು ಬೇಕು, ಪಕ್ಕದ ತಾಲ್ಲೂಕಿನಲ್ಲಿ ಎಷ್ಟು ನೆಟ್ಟರೆಂಬುದು ರೈತನಿಗೆ ತಿಳಿಯದು. ಬಿಯರ್ ಆಟದ ಪಕ್ಕದಲ್ಲಿ ನಮ್ಮ ತರಗತಿಗಳು ಮೊದಲು ಚರ್ಚಿಸಬೇಕಾದ ಪ್ರಕರಣ ಇದು.