ನರೇಗಲ್ಲಿನ ಸುತ್ತಣ ಶಿಲಾಲಯಗಳೂ ಏಕಶಿಲಾವಿಗ್ರಹಗಳೂ

‘ಏಕಶಿಲೆ’ ಎಂಬ ಮಾತು ಈಗ ಬಹಳ ಸಡಿಲವಾಗಿ ಬಳಕೆಯಾಗುತ್ತಿರುವುದು. ದೊಡ್ಡದಾದ ವಿಗ್ರಹವನ್ನು ಕಂಡರೂ, ನುಣುಪಾದ ಕಂಬವನ್ನು ಕಂಡರೂ, ಕಡೆಗೆ ಇಡಿಯ ದೇವಾಲಯವನ್ನೇ ಕಂಡರೂ ನೋಡುವವರು ಒಂದೇ ಶಬ್ದವನ್ನು ಉಚ್ಚರಿಸಿ ಮುಂದೆ ಸಾಗುವರು. ಇದರಿಂದ ಶಿಲ್ಪಿಯು ಪಟ್ಟ ಶ್ರಮದ ಬಗೆ ತಿಳಿಯದೆ ಹೋಗುತ್ತದೆ. ಕಟ್ಟಿಸಿದವರ ಹೆಸರೂ ಮರೆಯಾಗುತ್ತದೆ. ಆದಕಾರಣ ಗದಗ ಜಿಲ್ಲೆಯ ನರೇಗಲ್ ಮತ್ತು ಸೂಡಿ ಎಂಬೆರಡು ಊರುಗಳನ್ನು ನಿದರ್ಶನವಾಗಿಟ್ಟುಕೊಂಡು, ಇಂತಹ ಸ್ಥಳಗಳನ್ನು ನೋಡತಕ್ಕ ಕ್ರಮವನ್ನು ಸಂಕ್ಷೇಪವಾಗಿ ನಿರೂಪಿಸುವುದು ಈ ಲೇಖನದ ಉದ್ದೇಶವಾಗಿದೆ.

ಶಿಲಾಕೃತಿಗಳಲ್ಲಿ ಮೂರು ಬಗೆಗಳನ್ನು ವಿಂಗಡಿಸಿಕೊಳ್ಳಬೇಕು. ಬೆಟ್ಟವನ್ನೇ ಕೊರೆದು ಆಲಯವಾಗಿಸುವುದು ಮೊದಲನೆಯದು; ಬಾದಾಮಿಯ ಗುಹೆಗಳೂ, ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಎಲ್ಲೋರದ ಕೈಲಾಸವೂ ಇದಕ್ಕೆ ಸಾಕ್ಷಿ. ಗಣಿಯಿಂದ ತಂದ ಕಲ್ಲುಗಳನ್ನು ಒಂದರ ಮೇಲೊಂದಾಗಿ ಜೋಡಿಸಿ ಕಟ್ಟುವುದು ಎರಡನೆಯದು. ಒಂದೇ ಶಿಲಾಖಂಡವನ್ನು ಸಂಧಿಯಿಲ್ಲದ ವಿಗ್ರಹವಾಗಿ ಕಡೆಯುವುದು ಮೂರನೆಯದು. ನರೇಗಲ್ಲಿನ ಪ್ರಾಂತದಲ್ಲಿ ದೇವಾಲಯಗಳು ಎರಡನೆಯ ಬಗೆಗೂ, ಅವುಗಳ ಸಮೀಪದ ದೊಡ್ಡ ವಿಗ್ರಹಗಳು ಮೂರನೆಯ ಬಗೆಗೂ ಸೇರಿದವು. ಇವೆರಡನ್ನೂ ಬೆರೆಸಿ ನೋಡುವುದು ಸಂಧಿಯನ್ನೂ ಸಮಾಸವನ್ನೂ ಒಂದೆಂದು ಬಗೆದಂತೆಯೇ ಸರಿ.

ಈ ನಾಡು ಸಾಹಿತ್ಯಾಭ್ಯಾಸಿಗಳಿಗೆ ಅಪರಿಚಿತವಾದುದಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ಕನ್ನಡದ ತಿರುಳ್ನಾಡನ್ನು ಗುರುತಿಸಲು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳೆಂಬ ನಾಲ್ಕು ಊರುಗಳನ್ನು ಹೇಳುವುದಷ್ಟೆ. ಕಿಸುವೊಳಲೆಂದರೆ ಪಟ್ಟದಕಲ್ಲು, ಕೊಪಣವೆಂದರೆ ಕೊಪ್ಪಳ, ಪುಲಿಗೆರೆಯೆಂದರೆ ಲಕ್ಷ್ಮೇಶ್ವರ. ನರೇಗಲ್ ಈ ಮೂರರ ನಡುವಣ ನೆಲದಲ್ಲಿಯೇ ಇರುವುದು. ಪೂರ್ವದಲ್ಲಿ ಇದು ಬೆಳ್ವೊಲ 300ರೊಳಗೆ ಸೇರಿತ್ತು. ಸೂಡಿಯು ಕಿಸುಕಾಡು 70ರ ಮುಖ್ಯಸ್ಥಾನವಾಗಿತ್ತು. 949ರ ಸುಮಾರಿನಲ್ಲಿ ತಕ್ಕೋಲದ ಯುದ್ಧದಲ್ಲಿ ಚೋಳ ರಾಜಾದಿತ್ಯನನ್ನು ಕೊಂದ ಗಂಗ ಇಮ್ಮಡಿ ಬೂತುಗನಿಗೆ ರಾಷ್ಟ್ರಕೂಟ ಮುಮ್ಮಡಿ ಕೃಷ್ಣನು ಕೊಟ್ಟ ನಾಡುಗಳಲ್ಲಿ ಬೆಳ್ವೊಲವೂ ಕಿಸುಕಾಡೂ ಸೇರಿದ್ದುವೆಂಬುದು ಆತಕೂರಿನ ಶಾಸನದಿಂದ ವಿದಿತವಾಗಿದೆ. ಆದುದರಿಂದ ಈ ಎರಡು ಊರುಗಳ ಚರಿತ್ರೆಯನ್ನು ಒಟ್ಟಿಗೆ ನೋಡುವುದು ಯುಕ್ತವಾಗಿದೆ.

ನರೇಗಲ್ಲಿನಲ್ಲಿ ಜನರು ನಾರಾಯಣನ ಗುಡಿಯೆಂದು ಕರೆಯುವ ದೊಡ್ಡದೊಂದು ಶಿಲಾಲಯವಿದೆ. ಕರ್ನಾಟಕದೊಳಗೆ ರಾಷ್ಟ್ರಕೂಟರ ಕಾಲದಲ್ಲಿ ಕಟ್ಟಲ್ಪಟ್ಟವುಗಳಲ್ಲಿ ಇದೇ ಅತ್ಯಂತ ದೊಡ್ಡದೆಂದು ವಿದ್ವಾಂಸರು ಎಣಿಸುವರು. ಹೆಸರನ್ನು ಮಾತ್ರ ನಂಬಿ ಒಳಹೊಕ್ಕವರು ಇದನ್ನು ವೈಷ್ಣವಾಲಯವೆಂದೇ ತಿಳಿದು ಹಿಂದಿರುಗುವರು. 950ರ ಶಾಸನವಾದರೋ ಬೇರೆಯ ಮಾತನ್ನು ಹೇಳುತ್ತದೆ: ಇದು ಬೂತುಗನ ರಾಣಿಯಾದ ಪದ್ಮಬ್ಬರಸಿಯು ಮಾಡಿಸಿದ ಬಸದಿ. ಬಸದಿಗೆ ಹೊಂದಿದ ದಾನಶಾಲೆಯೊಂದು ಇದ್ದುದೂ, ಅದಕ್ಕೆ ಕೆರೆಯೊಂದು ದತ್ತಿಯಾಗಿ ಸಂದುದೂ ಅದರಿಂದಲೇ ತಿಳಿದುಬರುವುವು. ಕಲ್ಲಿನ ಗುಡಿಯೂ, ಹಸಿದವರಿಗೆ ಅನ್ನವೂ, ಆ ಅನ್ನಕ್ಕೆ ಆಧಾರವಾದ ನೀರೂ ಒಂದೇ ಧರ್ಮಕಾರ್ಯದ ಅಂಗಗಳಾಗಿದ್ದುವು. ಇಂದು ನಮ್ಮ ಕಣ್ಣಿಗೆ ಬೀಳುವುದು ಗುಡಿ ಮಾತ್ರ. ಉಳಿದುದನ್ನು ಅಕ್ಷರವೇ ತೋರಿಸಬೇಕು.

ಇಂತಹ ಗುಡಿಯನ್ನು ನೋಡುವಾಗ ಕಣ್ಣನ್ನು ಕೆಳಗಿನಿಂದ ಮೇಲಕ್ಕೆ ಒಯ್ಯಬೇಕು. ಅಧಿಷ್ಠಾನ, ಭಿತ್ತಿ, ಪ್ರಸ್ತರ, ಶಿಖರ ಎಂಬುದು ಕ್ರಮ. ಕಲ್ಲುಗಳ ನಡುವೆ ಗಾರೆಯನ್ನು ನೆಚ್ಚದೆ, ಭಾರದಿಂದಲೂ ಹೊಂದಿಕೆಯಿಂದಲೂ ಗೋಡೆಯನ್ನು ನಿಲ್ಲಿಸಿರುವುದನ್ನು ಗಮನಿಸಬೇಕು. ಬಾದಾಮಿ, ಪಟ್ಟದಕಲ್ಲುಗಳ ಕಡೆಯ ಮರಳುಗಲ್ಲು ದೊಡ್ಡ ದೊಡ್ಡ ಖಂಡಗಳಾಗಿ ದೊರೆಯುವುದು. ಅದರಲ್ಲಿ ಅತಿಸೂಕ್ಷ್ಮವಾದ ಕೆತ್ತನೆಯು ಕಷ್ಟ. ಮುಂದೆ ಲಕ್ಕುಂಡಿಯಲ್ಲಿಯೂ, 1112ರ ಇಟಗಿಯ ಮಹಾದೇವಾಲಯದಲ್ಲಿಯೂ ಬಳಪದ ಕಲ್ಲು ಬಂದಿತು. ಅದು ಉಳಿಗೆ ಮೃದುವಾಗಿ ಮಣಿಯುವುದರಿಂದ ಕಲ್ಲುಗಳು ಚಿಕ್ಕವಾದುವು, ಕೆತ್ತನೆ ಕಿರಿದಾಯಿತು, ಕಂಬಗಳು ತಿರುಗಣೆಗೆ ಹಿಡಿದಂತೆ ನುಣುಪಾದುವು. ಹೀಗೆ ಶೈಲಿಯ ಬದಲಾವಣೆಗೆ ಅರಸರು ಎಷ್ಟು ಕಾರಣರೋ ಕಲ್ಲೂ ಅಷ್ಟೇ ಕಾರಣವಾಗಿರುವುದು.

ಇನ್ನು ಸೂಡಿಯ ವಿಚಾರ. ಕಲ್ಯಾಣ ಚಾಲುಕ್ಯರ ಕಾಲದಲ್ಲಿ ಇಲ್ಲಿ ನಾಣ್ಯದ ಕಮ್ಮಟವಿದ್ದಿತು. ಇಮ್ಮಡಿ ಜಯಸಿಂಹನ ಸೋದರಿಯಾದ ಅಕ್ಕಾದೇವಿಯು ಈ ನಾಡನ್ನು ಆಳುತ್ತಿದ್ದಳು. ಚೋಳರೊಡನೆ ನಡೆದ ಯುದ್ಧದ ದೆಸೆಯಿಂದ ಕೆಟ್ಟಿದ್ದ ಊರಿನ ಕಟ್ಟಳೆಯನ್ನು ಆಕೆಯು ಎಂಟು ಸೆಟ್ಟಿಗಳಿಗೂ ಎಂಬತ್ತೊಕ್ಕಲಿಗೂ ಮರಳಿ ಸ್ಥಿರಪಡಿಸಿಕೊಟ್ಟುದು 1050ರ ಸುಮಾರಿನ ಶಾಸನದಲ್ಲಿ ಕಾಣಬರುತ್ತದೆ. ಸೂಡಿಯ ಶಾಸನಗಳನ್ನು ಬಾರ್ನೆಟ್ ಪಂಡಿತರು ಎಪಿಗ್ರಾಫಿಯಾ ಇಂಡಿಕಾದ 15ನೆಯ ಸಂಪುಟದಲ್ಲಿ ಪ್ರಕಟಿಸಿರುವರು. ಊರವರು ಜೋಡುಕಳಸದ ಗುಡಿಯೆಂದು ಕರೆಯುವ ಆಲಯದಲ್ಲಿ ಎದುರುಬದುರಾಗಿ ಎರಡು ಗರ್ಭಗೃಹಗಳೂ, ಅವುಗಳ ಮೇಲೆ ಎರಡು ಶಿಖರಗಳೂ ಇರುವುವು. ಇದು 1060ರ ಸುಮಾರಿನಲ್ಲಿ ನಾಗದೇವನೆಂಬ ಅಧಿಕಾರಿಯು ಕಟ್ಟಿಸಿದ ನಾಗೇಶ್ವರಾಲಯ. ಊರಿನ ನಾಗಕುಂಡವೆಂಬ ಚಿತ್ರಮಯವಾದ ಮೆಟ್ಟಿಲಬಾವಿಯ ಹೆಸರೂ ಆತನನ್ನೇ ನೆನಪಿಗೆ ತರುವುದು. ನರೇಗಲ್ಲಿನಲ್ಲಿ ಆದಂತೆಯೇ ಇಲ್ಲಿಯೂ ಕಣ್ಣಿಗೆ ಕಂಡ ಕಳಸವು ಹೆಸರಾಗಿ ನಿಂತು, ಕಟ್ಟಿಸಿದವನು ಜನರ ನಾಲಗೆಯಿಂದ ಮರೆಯಾದನು.

ಸೂಡಿಯಲ್ಲಿ ಯಾತ್ರಿಕರನ್ನು ಥಟ್ಟನೆ ನಿಲ್ಲಿಸುವುವು ಏಕಶಿಲೆಯ ಬೃಹದ್ಗಣಪತಿ ಮತ್ತು ಮಹಾಲಿಂಗ. ಇವುಗಳ ಗಾತ್ರವನ್ನು ಹೊಗಳುವುದಕ್ಕೆ ಮೊದಲು, ಪ್ರತಿಮೆಯು ಒಂದೇ ಕಲ್ಲಿನದಾಗಿರಬೇಕೆಂಬ ಆಗ್ರಹವೇಕೆಂಬುದನ್ನು ವಿಚಾರಿಸೋಣ. ಶಿಲ್ಪಾಗಮಗಳು ಕಲ್ಲನ್ನು ಪುಂಶಿಲೆ, ಸ್ತ್ರೀಶಿಲೆ, ನಪುಂಸಕಶಿಲೆ ಎಂದು ಮೂರಾಗಿ ವಿಂಗಡಿಸುವುವು. ತಟ್ಟಿದಾಗ ಗಂಟೆಯಂತೆ ಗಂಭೀರವಾಗಿ ದನಿಗೊಡುವುದು ಪುಂಶಿಲೆ; ಅದು ಮೂರ್ತಿಗೆ ಯೋಗ್ಯ. ಸ್ತ್ರೀಶಿಲೆಯು ಪೀಠಕ್ಕೂ, ನಪುಂಸಕಶಿಲೆಯು ಪಾದಶಿಲೆಗೂ ವಿಹಿತ. ಇದರಲ್ಲಿ ಲೋಕಾನುಭವವೂ ಅಡಗಿದೆ: ಒಳಗೆ ಬಿರುಕಿರುವ ಕಲ್ಲು ಸ್ಪಷ್ಟವಾಗಿ ದನಿಗೊಡದು, ಅಂತಹುದನ್ನು ಕಡೆಯಹೊರಟರೆ ಕೆಲಸದ ಕೊನೆಯಲ್ಲಿ ಒಡೆದೀತು. ಗೋಡೆಯ ಕಲ್ಲೊಂದು ಕೆಟ್ಟರೆ ಇನ್ನೊಂದನ್ನು ಹೂಡಬಹುದು. ಏಕಶಿಲೆಯಲ್ಲಿ ಕೈ ತಪ್ಪಿದರೆ ತಿದ್ದುವ ದಾರಿಯಿಲ್ಲ. ಭಿನ್ನವಾದ ಬಿಂಬವು ಪೂಜೆಗೆ ಸಲ್ಲದೆ ಹೋಗುವುದು.

ಲಿಂಗದ ವಿಷಯದಲ್ಲಿ ಏಕಶಿಲಾತ್ವಕ್ಕೆ ಇನ್ನೊಂದು ಅರ್ಥವುಂಟು. ಶಾಸ್ತ್ರೋಕ್ತವಾದ ಮಾನುಷಲಿಂಗದ ಕೆಳಭಾಗವು ಚತುರಸ್ರವಾಗಿ ಬ್ರಹ್ಮಭಾಗವೆನಿಸುವುದು. ನಡುವಣದು ಅಷ್ಟಾಸ್ರವಾಗಿ ವಿಷ್ಣುಭಾಗ. ಮೇಲಿನದು ವೃತ್ತವಾಗಿ ರುದ್ರಭಾಗ. ಮೊದಲೆರಡು ಪೀಠದೊಳಗೆ ಅಡಗಿದ್ದು, ರುದ್ರಭಾಗ ಮಾತ್ರ ಪೂಜೆಗೆ ಕಾಣುವುದು. ಸರ್ವಸಮಲಿಂಗದಲ್ಲಿ ಮೂರು ಭಾಗಗಳೂ ಸಮಾನವಾದುದರಿಂದ, ನೋಡುವವನಿಗೆ ದೊರೆಯುವುದು ಮೂರರಲ್ಲೊಂದಂಶ. ತ್ರಿಮೂರ್ತಿಗಳ ಅಭೇದವನ್ನು ಮಾತಿನಿಂದಲ್ಲದೆ ಸಂಧಿಯಿಲ್ಲದ ಕಲ್ಲಿನಿಂದ ಹೇಳಿದ ಬಗೆಯಿದು.

ಏಕಶಿಲೆಗಳಲ್ಲಿಯೂ ಒಂದು ಒಳಭೇದವನ್ನು ಮಾಡಬೇಕು. ಇದ್ದಲ್ಲಿಯೇ ಕಡೆದವು ಕೆಲವು, ಗಣಿಯಿಂದ ಸಾಗಿಸಿ ತಂದು ಸ್ಥಾಪಿಸಿದವು ಕೆಲವು. ಶ್ರವಣಬೆಳಗೊಳದ ಸುಮಾರು 58 ಅಡಿಯ ಗೊಮ್ಮಟನೂ, ಹಂಪೆಯಲ್ಲಿ ಕೃಷ್ಣದೇವರಾಯನ ಕಾಲದ, 1528ರ ನರಸಿಂಹನೂ ಮೊದಲನೆಯ ವರ್ಗದವು. 981ರ ಸುಮಾರಿನಲ್ಲಿ ಗೊಮ್ಮಟನನ್ನು ಮಾಡಿಸಿದ ಚಾವುಂಡರಾಯನು ಬೂತುಗನ ಮಗನಾದ ಮಾರಸಿಂಹನಿಗೂ ಮಂತ್ರಿಯಾಗಿದ್ದವನು. 978ರಲ್ಲಿ ಕನ್ನಡ ಗದ್ಯದಲ್ಲಿ ಪುರಾಣವನ್ನು ಬರೆದವನು. ಹಾಗಿರಲು ನರೇಗಲ್ಲಿನ ಬಸದಿಗೂ ಬೆಳಗೊಳದ ಮೂರ್ತಿಗೂ ನಡುವೆ ಸುಮಾರು ಮೂವತ್ತೇ ವರ್ಷ, ಒಂದೇ ಗಂಗರ ಮನೆತನ. ಒಂದರಲ್ಲಿ ಅನೇಕ ಶಿಲೆಗಳು ಕೂಡಿ ಒಂದಾಗಿವೆ. ಇನ್ನೊಂದರಲ್ಲಿ ಒಂದು ಶಿಲೆಯಿಂದ ಬೇಡವಾದುದನ್ನೆಲ್ಲ ಕಳೆದು ಮೂರ್ತಿಯನ್ನು ಉಳಿಸಿದೆ. ಕೂಡುವುದು ವಾಸ್ತುವಿನ ಮಾರ್ಗ, ಕಳೆಯುವುದು ಏಕಶಿಲೆಯ ಮಾರ್ಗ.

ಈ ವಿಚಾರವು ಸಾಹಿತ್ಯದ ಉಪಾಧ್ಯಾಯರಿಗೆ ವಿಶೇಷವಾಗಿ ಸಂಬಂಧಪಟ್ಟುದು. ಪಂಪ, ಪೊನ್ನ, ರನ್ನರ ಕನ್ನಡವನ್ನು ತರಗತಿಯಲ್ಲಿ ಬೋಧಿಸುವವರಿಗೆ ಅದೇ ಶತಮಾನದ ಕನ್ನಡವು ಬಯಲಿನ ಕಲ್ಲಿನ ಮೇಲೆ ಕಾದಿದೆ. ಅದನ್ನು ಓದಬಲ್ಲವರು ವಿರಳ. ಆ ಕಲ್ಲುಗಳ ಮೇಲೆ ಸುಣ್ಣವನ್ನೋ ಬಣ್ಣವನ್ನೋ ಬಳಿಯುವವರು ಹಾಗಲ್ಲ. ಅಕ್ಷರವೊಂದು ಅಳಿದರೆ ಗುಡಿ ನಿಂತಿದ್ದರೂ ಪದ್ಮಬ್ಬರಸಿಯಿಲ್ಲ, ನಾಗದೇವನಿಲ್ಲ. ಆದುದರಿಂದ ವಿದ್ಯಾರ್ಥಿಗಳೊಡನೆ ಇಲ್ಲಿಗೆ ಹೋಗುವವರು ಮೊದಲು ಶಾಸನವನ್ನು, ಬಳಿಕ ಕಟ್ಟಡದ ಸಂಧಿಗಳನ್ನು, ಕಡೆಯಲ್ಲಿ ಸಂಧಿಯಿಲ್ಲದ ಮೂರ್ತಿಯನ್ನು ತೋರಿಸಲಿ. ಆಗ ಏಕಶಿಲೆಯೆಂಬುದು ಬರಿಯ ಬೆರಗಿನ ಮಾತಾಗಿ ಉಳಿಯದೆ ಅರ್ಥವತ್ತಾದ ಶಬ್ದವಾಗುವುದು.